2014ರ ಬ್ರೆಜಿಲ್ ಸ್ಟಾಕ್ ಕಾರ್ ಚಾಂಪಿಯನ್‌ಷಿಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮುಲಾ ಒನ್ ನೋಡುತ್ತ ಬೆಳೆದ ಕನ್ನಡಿಗರಿಗೆ ರೂಬೆನ್ಸ್ ಬ್ಯಾರಿಕೆಲೊ ಎಂಬ ಹೆಸರು ಹೊಸದಲ್ಲ. ಫೆರಾರಿಯಲ್ಲಿ ಮೈಕೆಲ್ ಷೂಮಾಕರ್ ಅವರ ಜೊತೆಗಾರರಾಗಿ, ಸದಾ ಒಂದು ಹೆಜ್ಜೆ ಹಿಂದೆಯೇ ನಿಂತವರಾಗಿ ಅವರು ನಮ್ಮ ನೆನಪಿನಲ್ಲಿ ಉಳಿದಿದ್ದಾರೆ. ಅದೇ ಚಾಲಕರು 2014ರಲ್ಲಿ, 42ನೆಯ ವಯಸ್ಸಿನಲ್ಲಿ, ತಮ್ಮ ದೇಶದ ಸ್ಟಾಕ್ ಕಾರ್ ಚಾಂಪಿಯನ್ ಆದರು ಎಂಬ ಸುದ್ದಿ ಮಾತ್ರ ನಮ್ಮಲ್ಲಿ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಆ ಋತುವಿನ ಬಗ್ಗೆ ಮತ್ತು ಆ ಸರಣಿಯ ಬಗ್ಗೆ ಆಸಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಸ್ಟಾಕ್ ಕಾರ್ ಎಂದರೆ ಶೋರೂಮಿನಿಂದ ತಂದ ಕಾರೇ?

ಮೊದಲು ಹಾಗೆಯೇ ಇತ್ತು, ಈಗ ಹಾಗಿಲ್ಲ. ಮಳಿಗೆಯ ದಾಸ್ತಾನಿನಲ್ಲಿ ಸಿಗುವ ಕಾರು ಎಂಬ ಅರ್ಥದಲ್ಲಿ ಆ ಹೆಸರು ಹುಟ್ಟಿತು. 1979ರಲ್ಲಿ ಸರಣಿ ಆರಂಭವಾದಾಗ ಚಾಲಕರೆಲ್ಲರೂ ಓಡಿಸಿದ್ದು ಷೆವರ್ಲೆ ಒಪಾಲ ಎಂಬ ಆರು ಸಿಲಿಂಡರಿನ ಕಾರನ್ನು. ಬ್ರೆಜಿಲ್‌ನ ಬೀದಿಗಳಲ್ಲಿ ಮನೆಮಂದಿ ಓಡಾಡುತ್ತಿದ್ದ, ಅಧಿಕಾರಿಗಳು ಕಚೇರಿಗೆ ಹೋಗುತ್ತಿದ್ದ ಕಾರು ಅದು. ಹೊಸ ಸಹಸ್ರಮಾನದ ಹೊತ್ತಿಗೆ ಚಿತ್ರ ಪೂರ್ತಿ ಬದಲಾಯಿತು. 2014ರ ಕಾರಿನ ಒಳಗಿದ್ದದ್ದು ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಪಂಜರದಂಥ ಚಾಸಿ, ಎಂಟು ಸಿಲಿಂಡರಿನ ಎಂಜಿನ್ ಮತ್ತು ಹಿಂದಿನ ಚಕ್ರಗಳಿಗೆ ಬಲ ರವಾನಿಸುವ ರೇಸಿಂಗ್ ಗೇರ್‌ಬಾಕ್ಸ್. ಮೇಲಿನ ಹೊದಿಕೆ ಮಾತ್ರ ಷೆವರ್ಲೆ ಸೋನಿಕ್ ಅಥವಾ ಪ್ಯೂಜೊ 408 ಕಾರಿನ ಆಕಾರದಲ್ಲಿತ್ತು. ಚಾಸಿಯನ್ನು ಒಂದೇ ಸಂಸ್ಥೆ ಎಲ್ಲ ತಂಡಗಳಿಗೂ ಕಟ್ಟಿಕೊಡುತ್ತಿದ್ದುದರಿಂದ, ಯಾವ ಕಂಪನಿಯ ಲಾಂಛನ ಹೊತ್ತಿದ್ದರೂ ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಈ ಸಮಾನತೆಯೇ ಸರಣಿಯ ಜೀವಾಳವೆಂದು ನನ್ನ ಎಣಿಕೆ. ಹಣವಿದ್ದವರು ಉತ್ತಮ ಕಾರು ಕೊಂಡು ಗೆಲ್ಲುವ ದಾರಿ ಇಲ್ಲಿ ಬಹುಮಟ್ಟಿಗೆ ಮುಚ್ಚಿದೆ. ಉಳಿಯುವುದು ಚಾಲಕನ ಕೈ, ಎಂಜಿನಿಯರ್‌ನ ಲೆಕ್ಕ ಮತ್ತು ಆ ದಿನದ ಅದೃಷ್ಟ.

ಇಂಧನ ಪೆಟ್ರೋಲೇ?

ಅಲ್ಲ, ಕಬ್ಬಿನಿಂದ ತೆಗೆದ ಎಥನಾಲ್. 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಬ್ರೆಜಿಲ್ ಸರ್ಕಾರ ಕಬ್ಬಿನ ಆಲ್ಕೊಹಾಲನ್ನು ವಾಹನಗಳ ಇಂಧನವನ್ನಾಗಿ ಬೆಳೆಸಿತು. ಅಲ್ಲಿನ ಸಾಮಾನ್ಯ ಬಂಕ್‌ಗಳಲ್ಲಿ ಸಿಗುವ ಇಂಧನವೇ ರೇಸಿನ ಕಾರಿಗೂ ಬಂದದ್ದರಲ್ಲಿ ಅಚ್ಚರಿಯೇನಿಲ್ಲ.

ಸರಣಿ ಎಲ್ಲಿ, ಯಾವಾಗ ಆರಂಭವಾಯಿತು? ಇದರ ದೊಡ್ಡ ಹೆಸರುಗಳು ಯಾರು?

1979ರ ಏಪ್ರಿಲ್ 22ರಂದು, ದಕ್ಷಿಣದ ಹಿಯೊ ಗ್ರಾಂಜಿ ದು ಸೂಲ್ ರಾಜ್ಯದ ತರುಮ ಟ್ರ್ಯಾಕ್‌ನಲ್ಲಿ ಮೊದಲ ಓಟ ನಡೆಯಿತು. ಆ ವರ್ಷದ ಚಾಂಪಿಯನ್ ಪಾವ್ಲೊ ಗೋಮಿಸ್. ಆದರೆ ಈ ಸರಣಿಯ ಚರಿತ್ರೆಯನ್ನು ಒಬ್ಬರ ಹೆಸರಿನಲ್ಲಿ ಹೇಳಬೇಕೆಂದರೆ ಅದು ಇಂಗೊ ಹಾಫ್‌ಮನ್ ಅವರದು. ಫಿತ್ತಿಪಾಲ್ದಿ ಸೋದರರ ಕೋಪರ್ಸುಕಾರ್ ತಂಡದಲ್ಲಿ 1976 ಮತ್ತು 1977ರಲ್ಲಿ ಕೆಲವೇ ಫಾರ್ಮುಲಾ ಒನ್ ಓಟಗಳನ್ನು ಕಂಡು ಮರಳಿದ ಅವರು, ತಾಯ್ನಾಡಿನಲ್ಲಿ 1980ರಿಂದ 2002ರ ನಡುವೆ 12 ಬಾರಿ ಚಾಂಪಿಯನ್ ಆದರು. ಅದರಲ್ಲಿ 1989ರಿಂದ 1994ರವರೆಗಿನ ಆರು ಪ್ರಶಸ್ತಿಗಳು ಸತತವಾಗಿ ಬಂದವು. 2008ರಲ್ಲಿ ಅವರು ನಿವೃತ್ತರಾದಾಗ ವಯಸ್ಸು 55. ಜಗತ್ತಿನ ಫಾರ್ಮುಲಾ ಒನ್ ಪುಸ್ತಕಗಳಲ್ಲಿ ಒಂದು ಅಡಿಟಿಪ್ಪಣಿಯಷ್ಟೇ ಆಗಿರುವ ಈ ಮನುಷ್ಯ ಬ್ರೆಜಿಲ್‌ನ ರೇಸ್ ಅಭಿಮಾನಿಗಳ ಪಾಲಿಗೆ ದಂತಕಥೆ. ಬ್ಯಾರಿಕೆಲೊ ಗೆದ್ದದ್ದು ಎಂಥ ಪಟ್ಟ ಎಂಬುದನ್ನು ತಿಳಿಯಲು ಹಾಫ್‌ಮನ್ ಅವರನ್ನು ಮೊದಲು ತಿಳಿಯಬೇಕು.

ಇಲ್ಲಿ ಮನೆತನಗಳೂ ಇವೆ. ಮೊದಲ ಚಾಂಪಿಯನ್ ಪಾವ್ಲೊ ಗೋಮಿಸ್ ಅವರ ಮಗ ಮಾರ್ಕೋಸ್ ಗೋಮಿಸ್ 2015ರಲ್ಲಿ ಪ್ರಶಸ್ತಿ ಗೆದ್ದರು. 1999ರಿಂದ 2001ರವರೆಗೆ ಸತತ ಮೂರು ಬಾರಿ ಗೆದ್ದ ಶೀಕು ಸೆಹ ಅವರ ಮಗ ಡೇನಿಯಲ್ ಸೆಹ, ತಂದೆಯಂತೆಯೇ 2017ರಿಂದ 2019ರವರೆಗೆ ಸತತ ಮೂರು ಬಾರಿ ಗೆದ್ದರು. ಐದು ಪ್ರಶಸ್ತಿಗಳ ಒಡೆಯ ಕಕಾ ಬುವೇನು, ಬ್ರೆಜಿಲ್‌ನ ಮನೆಮನೆಗೂ ದಶಕಗಳ ಕಾಲ ಫುಟ್‌ಬಾಲ್ ಮತ್ತು ಫಾರ್ಮುಲಾ ಒನ್ ವೀಕ್ಷಕ ವಿವರಣೆ ತಲುಪಿಸಿದ ಗಲ್ವಾಂವ್ ಬುವೇನು ಅವರ ಮಗ.

2014ರ ಋತುವಿನಲ್ಲಿ ಹೊಸತೇನಿತ್ತು?

ಬಹು ಮುಖ್ಯವಾದ ಹೊಸತು ಎಂದರೆ ಒಂದೇ ದಿನ ಎರಡು ಓಟಗಳ ಪದ್ಧತಿ. ಅದುವರೆಗೆ ಒಂದು ವಾರಾಂತ್ಯಕ್ಕೆ ಒಂದೇ ಓಟವಿರುತ್ತಿತ್ತು. 2014ರಿಂದ ಹೆಚ್ಚಿನ ಕೂಟಗಳಲ್ಲಿ ಎರಡು ನಡೆದವು. ಮೊದಲನೆಯದಕ್ಕೆ ಅರ್ಹತಾ ಸುತ್ತಿನ ಸಮಯದಂತೆ ಕಾರುಗಳು ಸಾಲು ನಿಲ್ಲುತ್ತಿದ್ದವು. ಎರಡನೆಯದಕ್ಕೆ ಮೊದಲ ಓಟದ ಅಗ್ರ ಹತ್ತು ಮಂದಿಯ ಕ್ರಮವನ್ನು ತಿರುವುಮುರುವು ಮಾಡುತ್ತಿದ್ದರು, ಅಂದರೆ ಹತ್ತನೆಯವರಾಗಿ ಬಂದವರು ಮುಂದೆ ನಿಲ್ಲುತ್ತಿದ್ದರು, ಗೆದ್ದವರು ಹತ್ತನೆಯ ಸ್ಥಾನಕ್ಕೆ ಸರಿಯುತ್ತಿದ್ದರು.

ಕೇಳಲು ಸರಳವಾದ ಈ ನಿಯಮ ಆಟದ ಸ್ವರೂಪವನ್ನೇ ಬದಲಿಸಿತು. ಮೊದಲ ಓಟದ ಕೊನೆಯ ಸುತ್ತುಗಳಲ್ಲಿ ಹತ್ತನೆಯ ಸ್ಥಾನಕ್ಕೆ ನಡೆಯುವ ಕಾದಾಟ, ಎಷ್ಟೋ ಬಾರಿ ಮೂರನೆಯ ಸ್ಥಾನದ ಕಾದಾಟಕ್ಕಿಂತ ಬಿಸಿಯಾಗಿರುತ್ತಿತ್ತು, ಏಕೆಂದರೆ ಹತ್ತನೆಯವರಿಗೆ ಸಿಗುವುದು ಮುಂದಿನ ಓಟದ ಮೊದಲ ಸಾಲಿನ ಜಾಗ. ಇಂಧನವನ್ನು ಯಾವಾಗ ತುಂಬಿಸಬೇಕು, ಟೈರನ್ನು ಎಷ್ಟು ಉಳಿಸಿಕೊಳ್ಳಬೇಕು, ಒಂದು ಓಟವನ್ನು ಬಿಟ್ಟುಕೊಟ್ಟು ಇನ್ನೊಂದಕ್ಕೆ ಕೈಹಾಕಬೇಕೇ ಎಂಬ ಲೆಕ್ಕಗಳು ಪಿಟ್ (ಓಟದ ನಡುವೆ ಕಾರು ಬಂದು ನಿಲ್ಲುವ ಜಾಗ) ಗೋಡೆಯ ಮೇಲೆ ಕುಳಿತ ತಂಡದವರ ತಲೆ ತಿನ್ನುತ್ತಿದ್ದವು. ವೇಗವಾಗಿ ಓಡಿಸಿದರೆ ಸಾಕು ಎಂಬ ಕಾಲ ಮುಗಿದಿತ್ತು. ಸದಾ ಅಂಕಪಟ್ಟಿಯಲ್ಲಿ ಉಳಿಯುವ, ಕಾರನ್ನು ಗುದ್ದಿಸಿಕೊಳ್ಳದ, ಕೆಟ್ಟ ದಿನದಲ್ಲೂ ನಾಲ್ಕು ಅಂಕ ಹೆಕ್ಕಿಕೊಳ್ಳುವ ಚಾಲಕನಿಗೆ ಈ ಪದ್ಧತಿ ಒಲಿಯುತ್ತದೆ. ಹತ್ತೊಂಬತ್ತು ಋತುಗಳ ಫಾರ್ಮುಲಾ ಒನ್ ಅನುಭವ ಬ್ಯಾರಿಕೆಲೊ ಅವರಿಗೆ ನೆರವಾದದ್ದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಆ ವರ್ಷ ಯಾವ ಯಾವ ಟ್ರ್ಯಾಕ್‌ಗಳಲ್ಲಿ ಓಟ ನಡೆಯಿತು?

ಋತು ಆರಂಭವಾದದ್ದು ಸಾವ್ ಪಾವ್ಲೊದ ಇಂಟರ್‌ಲಾಗೋಸ್‌ನಲ್ಲಿ. ಎರಡು ಜಲಾಶಯಗಳ ನಡುವೆ ಇರುವುದರಿಂದ ಆ ಬಡಾವಣೆಗೆ 'ಕೆರೆಗಳ ನಡುವೆ' ಎಂಬ ಅರ್ಥದ ಹೆಸರು ಬಂದಿದೆ. ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸಾಗುವ 4.309 ಕಿ.ಮೀ. ಉದ್ದದ ಆ ಟ್ರ್ಯಾಕ್ ಬ್ಯಾರಿಕೆಲೊ ಅವರ ಬಾಲ್ಯದ ಅಂಗಳ. ಅವರು ಬೆಳೆದದ್ದು ಅದರ ಆಸುಪಾಸಿನಲ್ಲೇ.

ಉಳಿದ ಓಟಗಳು ದೇಶದ ಉದ್ದಗಲಕ್ಕೂ ಹರಡಿದ್ದವು. ದಕ್ಷಿಣದಲ್ಲಿ ಸಾಂಟ ಕ್ರೂಸ್ ದು ಸೂಲ್ ಮತ್ತು ವೆಲೊಪಾರ್ಕ್, ಪರಾನ ರಾಜ್ಯದಲ್ಲಿ ಕಸ್ಕವೆಲ್ ಮತ್ತು ಕುರಿಚಿಬ, ನಡುನಾಡಿನಲ್ಲಿ ಬ್ರೆಸಿಲಿಯಾ ಮತ್ತು ಗೊಯಾನಿಯ, ಈಶಾನ್ಯದಲ್ಲಿ ಸಾಲ್ವಡೋರ್. ಕಸ್ಕವೆಲ್‌ನ 'ಬಸಿಯಾಂವ್' ತಿರುವನ್ನು ಇಲ್ಲಿ ಹೇಳಲೇಬೇಕು. 'ದೊಡ್ಡ ಬೋಗುಣಿ' ಎಂಬ ಅರ್ಥದ ಈ ತಿರುವು ಇಳಿಜಾರಿನಲ್ಲಿ ಒಳಕ್ಕೆ ಜಾರಿದಂತೆ ಬಾಗುತ್ತದೆ. ಕಾರಿನ ಮೂತಿ ತಗ್ಗುತ್ತದೆ, ಹೊರಗಿನ ಟೈರುಗಳ ಮೇಲೆ ಭಾರವೆಲ್ಲ ಬೀಳುತ್ತದೆ, ಆ ಕ್ಷಣದಲ್ಲಿ ಆಕ್ಸಿಲರೇಟರ್ ಮೇಲಿನ ಕಾಲನ್ನು ಹೆದರಿ ಎತ್ತಿದವನ ಕಾರಿನ ಹಿಂಬದಿ ಹೊರಕ್ಕೆ ಸರಿಯತೊಡಗುತ್ತದೆ. ಕಾಲು ಎತ್ತದವನು ಮುಂದಿನ ನೇರ ದಾರಿಯಲ್ಲಿ ಒಂದು ಕಾರಿನ ಉದ್ದ ಗಳಿಸಿಕೊಂಡಿರುತ್ತಾನೆ. ಸಾಲ್ವಡೋರ್‌ನದು ಇದಕ್ಕೆ ತದ್ವಿರುದ್ಧ. ಬಹಿಯ ರಾಜ್ಯದ ಆಡಳಿತ ಕಚೇರಿಗಳ ಆವರಣದ ರಸ್ತೆಗಳಲ್ಲೇ ಕಾಂಕ್ರೀಟ್ ಗೋಡೆ ನಿಲ್ಲಿಸಿ ಮಾಡಿದ ಆ ಬೀದಿ ಟ್ರ್ಯಾಕ್‌ನಲ್ಲಿ ತಪ್ಪಿಗೆ ಜಾಗವೇ ಇರಲಿಲ್ಲ. ಬ್ರೆಸಿಲಿಯಾದ ಟ್ರ್ಯಾಕ್ ಆ ವರ್ಷದ ನಂತರ ನವೀಕರಣಕ್ಕೆಂದು ಮುಚ್ಚಿಹೋಗಿ ಬಹಳ ವರ್ಷ ಪಾಳು ಬಿದ್ದದ್ದು ಬೇಸರದ ಸಂಗತಿ.

ಅದೇ ವರ್ಷ ಜೂನ್ 12ರಿಂದ ಜುಲೈ 13ರವರೆಗೆ ವಿಶ್ವಕಪ್ ಫುಟ್‌ಬಾಲ್ ಬ್ರೆಜಿಲ್‌ನಲ್ಲೇ ನಡೆದದ್ದರಿಂದ ರೇಸ್ ವೇಳಾಪಟ್ಟಿ ನಡುವೆ ಬಿಡುವು ತೆಗೆದುಕೊಂಡಿತು.

ಮೊದಲ ಓಟದಲ್ಲಿ ಒಂದು ಕಾರಿಗೆ ಇಬ್ಬರು ಚಾಲಕರಿದ್ದರಂತೆ, ನಿಜವೇ?

ನಿಜ. ಮಾರ್ಚ್ 23ರ ಇಂಟರ್‌ಲಾಗೋಸ್ ಓಟವನ್ನು ಜೋಡಿಗಳ ಓಟವನ್ನಾಗಿ ನಡೆಸಲಾಯಿತು; ಪ್ರತಿ ಚಾಲಕರೂ ಒಬ್ಬ ಅತಿಥಿಯನ್ನು ಕರೆತಂದು, ಓಟದ ನಡುವೆ ಪಿಟ್‌ನಲ್ಲಿ ಸ್ಟಿಯರಿಂಗ್ ಒಪ್ಪಿಸಬೇಕಿತ್ತು. ಅದನ್ನು ಗೆದ್ದ ಜೋಡಿ ಫೆಲಿಪಿ ಫ್ರಾಗ ಮತ್ತು ರೊಡ್ರಿಗೊ ಸ್ಪೆರಾಫಿಕೊ. ಫ್ರಾಗ ಅವರಿಗೆ ಆಗ 18 ವರ್ಷ, ಸರಣಿಯಲ್ಲಿ ಅದು ಅವರ ಮೊದಲ ಓಟ. ಸರಣಿಯ ಅತಿ ಕಿರಿಯ ವಿಜೇತರಾದ ಆ ಹುಡುಗ ಎರಡು ವರ್ಷಗಳ ನಂತರ, 2016ರಲ್ಲಿ, ಚಾಂಪಿಯನ್ನೂ ಆದರು. 18ರ ಹುಡುಗ ಬಾಗಿಲು ತೆರೆದ ಋತುವನ್ನು 42ರ ಹಿರಿಯ ಮುಗಿಸಿದರು ಎಂಬುದು ಈ ವರ್ಷದ ಬಗ್ಗೆ ನನಗೆ ತುಂಬ ಇಷ್ಟವಾಗುವ ಸಂಗತಿ.

'ಮಿಲಿಯನ್ ಓಟ' ಎಂದರೇನು?

ಗೆದ್ದವರಿಗೆ ಹತ್ತು ಲಕ್ಷ ರಿಯಲ್ ಬಹುಮಾನ ಕೊಡುವ, ಋತುವಿನ ಅತಿ ಪ್ರತಿಷ್ಠೆಯ ಓಟ ಅದು. 2008ರಲ್ಲಿ ರಿಯೊ ಡಿ ಜನೈರೊದ ಜಕರೆಪಗ್ವ ಟ್ರ್ಯಾಕ್‌ನಲ್ಲಿ ಆರಂಭವಾದ ಇದನ್ನು ಮೊದಲು ಗೆದ್ದವರು ವಲ್ದೇನು ಬ್ರಿಟು. ಆ ಟ್ರ್ಯಾಕ್ ಈಗಿಲ್ಲ. 2016ರ ಒಲಿಂಪಿಕ್ಸ್ ಕ್ರೀಡಾಂಗಣಗಳಿಗಾಗಿ ಅದನ್ನು ಕೆಡವಲಾಯಿತು.

2014ರ ಮಿಲಿಯನ್ ಓಟ ಆಗಸ್ಟ್ 3ರಂದು, ಆ ವರ್ಷವಷ್ಟೇ ನವೀಕರಣಗೊಂಡು ಮರಳಿ ತೆರೆದಿದ್ದ ಗೊಯಾನಿಯದ ಟ್ರ್ಯಾಕ್‌ನಲ್ಲಿ ನಡೆಯಿತು. ಆ ಟ್ರ್ಯಾಕಿಗೆ, 1994ರಲ್ಲಿ ಓಟದ ನಡುವೆಯೇ ಮಡಿದ ಬ್ರೆಜಿಲ್‌ನ ಫಾರ್ಮುಲಾ ಒನ್ ಚಾಂಪಿಯನ್ ಅಯರ್ಟನ್ ಸೆನ್ನ ಅವರ ಹೆಸರಿದೆ. ಅಲ್ಲಿ ಗೆದ್ದವರು ಬ್ಯಾರಿಕೆಲೊ, ಮತ್ತು ಸ್ಟಾಕ್ ಕಾರ್‌ನಲ್ಲಿ ಅದು ಅವರ ಮೊಟ್ಟಮೊದಲ ಗೆಲುವು. ಬ್ರೆಜಿಲ್ ಫುಟ್‌ಬಾಲ್ ತಂಡ ಜರ್ಮನಿಯ ಎದುರು 7–1ರಿಂದ ಸೋತು ಇಡೀ ದೇಶ ತಲೆ ತಗ್ಗಿಸಿದ್ದು ಜುಲೈ 8ರಂದು. ಅದಾಗಿ ನಾಲ್ಕು ವಾರ ಕಳೆಯುವ ಮೊದಲೇ ಬಂದ ಗೆಲುವಿದು. ಸೆನ್ನ ಅವರ ಸಾವಿನ ನಂತರ ದೇಶದ ನಿರೀಕ್ಷೆಯ ಭಾರವನ್ನೆಲ್ಲ 22ನೆಯ ವಯಸ್ಸಿಗೆ ಹೆಗಲ ಮೇಲೆ ಹೊತ್ತ ಚಾಲಕ, ಇಪ್ಪತ್ತು ವರ್ಷಗಳ ನಂತರ, ಸೆನ್ನ ಅವರ ಹೆಸರಿನ ಟ್ರ್ಯಾಕ್‌ನಲ್ಲಿ, ತನ್ನ ಜನರ ಮುಂದೆ ಗೆದ್ದದ್ದನ್ನು ಬರಿಯ ಅಂಕಿಅಂಶವೆಂದು ನೋಡಲು ನನಗೆ ಮನಸ್ಸಾಗುವುದಿಲ್ಲ. ಫಾರ್ಮುಲಾ ಒನ್‌ನಲ್ಲಿ 11 ಗ್ರ್ಯಾನ್ ಪ್ರಿ ಗೆದ್ದರೂ ಇಂಟರ್‌ಲಾಗೋಸ್‌ನ ಬ್ರೆಜಿಲ್ ಗ್ರ್ಯಾನ್ ಪ್ರಿಯನ್ನು ಅವರು ಒಮ್ಮೆಯೂ ಗೆದ್ದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಫಾರ್ಮುಲಾ ಒನ್ ಚಾಲಕರಿಗೆ ಸ್ಟಾಕ್ ಕಾರ್ ಸುಲಭವಲ್ಲವೇ?

ಈ ಪ್ರಶ್ನೆ ಕೇಳುವವರಿಗೆ ಬ್ಯಾರಿಕೆಲೊ ಅವರ 2013ನ್ನು ತೋರಿಸಬೇಕು. 2011ರಲ್ಲಿ ವಿಲಿಯಮ್ಸ್ ತಂಡದಲ್ಲಿ ಅವರ ಫಾರ್ಮುಲಾ ಒನ್ ಬದುಕು ಮುಗಿಯಿತು. ಗ್ರೇಟರ್ ನೋಯ್ಡಾದಲ್ಲಿ ನಡೆದ ಮೊದಲ ಇಂಡಿಯನ್ ಗ್ರ್ಯಾನ್ ಪ್ರಿಯಲ್ಲಿ ನಮ್ಮವರು ಅವರನ್ನು ಕಂಡದ್ದು ಅದೇ ವರ್ಷ. 2012ರಲ್ಲಿ ಗೆಳೆಯ ಟೋನಿ ಕನಾನ್ ಅವರ ಜೊತೆ ಅಮೆರಿಕದ ಇಂಡಿಕಾರ್‌ನಲ್ಲಿ ಒಂದು ಋತು ಓಡಿ, ಅದೇ ವರ್ಷದ ಕೊನೆಯಲ್ಲಿ ಸ್ಟಾಕ್ ಕಾರ್‌ನ ಮೂರು ಓಟಗಳಲ್ಲಿ ಭಾಗವಹಿಸಿದರು. 2013ರಲ್ಲಿ 'ಫುಲ್ ಟೈಮ್' ಎಂಬ ಹೆಸರಿನ ತಂಡಕ್ಕೆ ಇಡೀ ಋತುವಿಗೆ ಬಂದರು. ಆ ಇಡೀ ವರ್ಷ ಒಂದೂ ಗೆಲುವು ಸಿಗಲಿಲ್ಲ.

ಏಕೆಂದರೆ ಈ ಕಾರಿನ ಸ್ವಭಾವವೇ ಬೇರೆ. 2011ರ ಫಾರ್ಮುಲಾ ಒನ್ ಕಾರು ಚಾಲಕನೂ ಸೇರಿ 640 ಕೆ.ಜಿ. ತೂಗುತ್ತಿತ್ತು, ಸ್ಟಾಕ್ ಕಾರ್ ಅದರ ಸುಮಾರು ದುಪ್ಪಟ್ಟು. ಅಲ್ಲಿ ಇಂಗಾಲದ ಬ್ರೇಕ್ ಮುಟ್ಟಿದೊಡನೆ ಕಾರು ನೆಲಕ್ಕೆ ಅಂಟಿ ನಿಲ್ಲುತ್ತದೆ. ಇಲ್ಲಿ ಬ್ರೇಕನ್ನು ಬಹಳ ಮೊದಲೇ ಒತ್ತಿ, ಭಾರ ಮುಂದಕ್ಕೆ ವಾಲುವುದನ್ನು ಕಾದು, ಆಮೇಲೆ ಸ್ಟಿಯರಿಂಗ್ ತಿರುಗಿಸಬೇಕು. ಅಲ್ಲಿ ಚಾಲಕ ನಟ್ಟನಡುವೆ ಕುಳಿತು ಎರಡೂ ಮುಂಗಾಲಿಗಳನ್ನು ಕಣ್ಣಾರೆ ನೋಡುತ್ತಾನೆ. ಇಲ್ಲಿ ಎಡಬದಿಯಲ್ಲಿ ಕುಳಿತವನಿಗೆ ಬಲಗಾಲಿ ಎಲ್ಲಿದೆ ಎಂಬುದು ಅಂದಾಜು ಮಾತ್ರ. ಮುಚ್ಚಿದ ಕ್ಯಾಬಿನ್ನಿನ ಒಳಗೆ, ಮುಂದಿನ ಎಂಜಿನ್ನಿನ ಶಾಖಕ್ಕೆ, ಉಷ್ಣಾಂಶ 50 ಡಿಗ್ರಿ ದಾಟುವುದುಂಟು. ಬೆವರು ಹುಬ್ಬಿನಿಂದ ಕಣ್ಣಿಗಿಳಿದರೂ ಹೆಲ್ಮೆಟ್ಟಿನೊಳಗೆ ಕೈ ಹಾಕಿ ಒರೆಸಿಕೊಳ್ಳುವಂತಿಲ್ಲ. ಇಷ್ಟರ ನಡುವೆ ಬಾಗಿಲಿಗೆ ಬಾಗಿಲು ತಾಗಿಸುತ್ತ ಪಕ್ಕದ ಕಾರು ಬರುತ್ತದೆ. ಫಾರ್ಮುಲಾ ಒನ್‌ನಲ್ಲಿ ಚಕ್ರಕ್ಕೆ ಚಕ್ರ ತಾಗಿದರೆ ಓಟ ಮುಗಿಯಿತು. ಇಲ್ಲಿ ಅಷ್ಟು ತಾಗಿಸಿಯೂ ದಾರಿ ಬಿಡದವರೇ ಹೆಚ್ಚು. ಇಷ್ಟೂ ವರ್ಷ ಕಲಿತದ್ದನ್ನು ಮರೆತು, 41ನೆಯ ವಯಸ್ಸಿನಲ್ಲಿ ಹೊಸಬನಂತೆ ಪಾಠ ಶುರುಮಾಡಿದ್ದರಲ್ಲೇ ಅವರ ದೊಡ್ಡತನವಿದೆ.

ಮುಂದಿನ ಕಾರನ್ನು ದಾಟಲು ಒಂದು ಗುಂಡಿ ಇರುತ್ತದಂತೆ?

ಇದೆ. ಅದನ್ನು ಒತ್ತಿದರೆ ಕೆಲವು ಸೆಕೆಂಡುಗಳ ಕಾಲ ಎಂಜಿನ್ನಿಗೆ ಹೆಚ್ಚುವರಿ ಶಕ್ತಿ ಸಿಗುತ್ತದೆ. ಒಂದು ಓಟದಲ್ಲಿ ಎಷ್ಟು ಬಾರಿ ಒತ್ತಬಹುದು ಎಂಬುದಕ್ಕೆ ಮಿತಿಯಿದೆ, ಹಾಗಾಗಿ ಮೊದಲೇ ಖರ್ಚು ಮಾಡಿಕೊಂಡವರು ಕೊನೆಯ ಸುತ್ತುಗಳಲ್ಲಿ ಬರಿಗೈಯಲ್ಲಿ ಉಳಿಯುತ್ತಾರೆ.

ಇದು ಅಮೆರಿಕದ ನ್ಯಾಸ್ಕಾರ್‌ನ ನಕಲೇ?

ಹೆಸರಿನಲ್ಲಿ ಮತ್ತು ಮೂಲ ಕಲ್ಪನೆಯಲ್ಲಿ ನ್ಯಾಸ್ಕಾರ್‌ನ ನೆರಳಿದೆ. ಆದರೆ ನ್ಯಾಸ್ಕಾರ್ ಹೆಚ್ಚಾಗಿ ಮೊಟ್ಟೆಯಾಕಾರದ ಟ್ರ್ಯಾಕ್‌ಗಳಲ್ಲಿ ಎಡಕ್ಕಷ್ಟೇ ತಿರುಗುತ್ತ ನೂರಾರು ಮೈಲಿ ಸಾಗುವ ಓಟ. ಬ್ರೆಜಿಲ್‌ನದು ಎಡಬಲ ಎರಡೂ ತಿರುವುಗಳ ಟ್ರ್ಯಾಕ್‌ಗಳಲ್ಲಿ ನಡೆಯುವ ಚುಟುಕಾದ, ಬಿರುಸಿನ ಓಟ.

ಮಹಿಳೆಯರು ಸ್ಪರ್ಧಿಸಿದ್ದರೇ?

ಹೌದು. ಇಂಡಿಯಾನಾಪೊಲಿಸ್ 500 ಓಟದಲ್ಲಿ ಭಾಗವಹಿಸಿದ್ದ, 2008ರಲ್ಲಿ ಅಮೆರಿಕದ ಕಿರಿಯ ಸರಣಿಯಾದ ಇಂಡಿ ಲೈಟ್ಸ್‌ನ ಓಟ ಗೆದ್ದ ಮೊದಲ ಮಹಿಳೆಯಾದ ಬಿಯಾ ಫಿಗೇರೆದೊ ಅವರು 2014ರಲ್ಲೇ ಸ್ಟಾಕ್ ಕಾರ್‌ಗೆ ಬಂದರು.

ಸರಣಿ ಎಷ್ಟು ಸುರಕ್ಷಿತ?

ಇಂಟರ್‌ಲಾಗೋಸ್‌ನ ಕೊನೆಯ ಏರಿನಲ್ಲಿ 'ಕಫೆ' ಎಂಬ ಎಡತಿರುವಿದೆ. ಅಲ್ಲಿ ಟ್ರ್ಯಾಕಿಗೂ ಗೋಡೆಗೂ ನಡುವೆ ಜಾಗ ಕಡಿಮೆ. ಗೋಡೆಗೆ ಬಡಿದ ಕಾರು ಮತ್ತೆ ಟ್ರ್ಯಾಕಿಗೇ ಚಿಮ್ಮಿ ಬೀಳುತ್ತದೆ, ಹಿಂದೆ ಬರುವವರಿಗೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. 2007ರ ಡಿಸೆಂಬರ್‌ನಲ್ಲಿ ಸ್ಟಾಕ್ ಕಾರ್ ಲೈಟ್ ಎಂಬ ಕಿರಿಯ ಸರಣಿಯ ಓಟದಲ್ಲಿ ರಫೆಯೆಲ್ ಸ್ಪೆರಾಫಿಕೊ ಅಲ್ಲಿ ಪ್ರಾಣ ಕಳೆದುಕೊಂಡರು. 2011ರ ಏಪ್ರಿಲ್‌ನಲ್ಲಿ ಇನ್ನೊಂದು ಬೆಂಬಲ ಸರಣಿಯಲ್ಲಿ ಗುಸ್ತಾವೊ ಸೊಂಡರ್‌ಮನ್. 2014ರ ಮೊದಲ ಓಟವನ್ನು ಅದೇ ಇಂಟರ್‌ಲಾಗೋಸ್‌ನಲ್ಲಿ ಗೆದ್ದ ರೊಡ್ರಿಗೊ, ರಫೆಯೆಲ್ ಅವರ ಸಂಬಂಧಿ. ಆ ಏರನ್ನು ಹತ್ತುವಾಗ ಅವರ ಮನಸ್ಸಿನಲ್ಲಿ ಏನಿತ್ತೋ, ಅದು ಅವರಿಗೇ ಸೇರಿದ್ದು.

ಪ್ರಶಸ್ತಿ ನಿರ್ಧಾರವಾದದ್ದು ಹೇಗೆ?

ನವೆಂಬರ್ 30ರಂದು ಕುರಿಚಿಬದಲ್ಲಿ ನಡೆದ ಕೊನೆಯ ಓಟದಲ್ಲಿ. ಆ ಓಟಕ್ಕೆ ದುಪ್ಪಟ್ಟು ಅಂಕಗಳಿದ್ದುದರಿಂದ ಹಲವರಿಗೆ ಪ್ರಶಸ್ತಿಯ ಆಸೆ ಜೀವಂತವಾಗಿತ್ತು. ಬ್ಯಾರಿಕೆಲೊ ಅಲ್ಲಿ ಗೆಲ್ಲುವ ಹಟಕ್ಕೆ ಬೀಳಲಿಲ್ಲ. ಮೂರನೆಯವರಾಗಿ ಗುರಿ ಮುಟ್ಟಿದರು, ಅಷ್ಟು ಸಾಕಾಯಿತು. ಆತಿಲ ಅಬ್ರೆಯು ಎರಡನೆಯ ಸ್ಥಾನದೊಂದಿಗೆ ಋತು ಮುಗಿಸಿದರು. 1991ರಲ್ಲಿ ಕಿರಿಯ ದರ್ಜೆಯ ಬ್ರಿಟಿಷ್ ಫಾರ್ಮುಲಾ ತ್ರೀ ಚಾಂಪಿಯನ್ ಆದ ಮೇಲೆ ಬ್ಯಾರಿಕೆಲೊ ಅವರಿಗೆ ಸಿಕ್ಕ ಮೊದಲ ಚಾಂಪಿಯನ್ ಪಟ್ಟ ಇದು. ನಡುವೆ 23 ವರ್ಷಗಳು ಕಳೆದಿದ್ದವು, ಫಾರ್ಮುಲಾ ಒನ್‌ನಲ್ಲಿ ಎರಡು ಬಾರಿ, 2002 ಮತ್ತು 2004ರಲ್ಲಿ, ಎರಡನೆಯ ಸ್ಥಾನ ಬಂದಿತ್ತು.

ಕೊನೆಯ ಓಟಕ್ಕೆ ದುಪ್ಪಟ್ಟು ಅಂಕ ಕೊಡುವುದು ನ್ಯಾಯವೇ?

ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಮಾರ್ಚ್‌ನಲ್ಲಿ ಪಟ್ಟ ಪಾಡಿಗೂ ನವೆಂಬರ್‌ನಲ್ಲಿ ಪಟ್ಟ ಪಾಡಿಗೂ ಒಂದೇ ಬೆಲೆ ಇರಬೇಕು. ಫಾರ್ಮುಲಾ ಒನ್ ಕೂಡ ಅದೇ 2014ರಲ್ಲಿ ಅಬುಧಾಬಿಯ ಕೊನೆಯ ಓಟಕ್ಕೆ ದುಪ್ಪಟ್ಟು ಅಂಕವಿಟ್ಟು, ಅಭಿಮಾನಿಗಳ ವಿರೋಧ ಕಂಡು ಮರುವರ್ಷವೇ ಕೈಬಿಟ್ಟಿತು. ಆದರೂ ನಿಯಮ ಎಲ್ಲರಿಗೂ ಒಂದೇ ಆಗಿದ್ದುದರಿಂದ ಬ್ಯಾರಿಕೆಲೊ ಅವರ ಪಟ್ಟಕ್ಕೆ ಇದರಿಂದ ಕುಂದಿಲ್ಲ.

ಅವರನ್ನು 'ರೂಬಿನ್ಯು' ಎನ್ನುವುದೇಕೆ?

ತಂದೆಯ ಹೆಸರೂ ರೂಬೆನ್ಸ್. ಹಾಗಾಗಿ ಮಗ 'ರೂಬಿನ್ಯು', ಅಂದರೆ ಪುಟ್ಟ ರೂಬೆನ್ಸ್. ಪೋರ್ಚುಗೀಸಿನಲ್ಲಿ ಪದದ ಮೊದಲಿನ 'ರ' ಹಕಾರದಂತೆ ಕೇಳುವುದರಿಂದ ಅಲ್ಲಿಯವರ ಬಾಯಲ್ಲಿ ಅದು 'ಹುಬಿನ್ಯು' ಆಗುತ್ತದೆ.

2014ರ ನಂತರ ಏನಾಯಿತು?

ಬ್ಯಾರಿಕೆಲೊ ಸರಣಿಯನ್ನು ಬಿಡಲಿಲ್ಲ. 2022ರಲ್ಲಿ, 50 ತುಂಬಿದ ವರ್ಷ, ಫುಲ್ ಟೈಮ್ ತಂಡದ ಟೊಯೊಟ ಕೊರೊಲ್ಲಾದಲ್ಲಿ ಎರಡನೆಯ ಬಾರಿ ಚಾಂಪಿಯನ್ ಆದರು. ಆ ಋತುವಿನ ಒಂದು ಕೂಟ ರಿಯೊ ಡಿ ಜನೈರೊದ ಗಲಿಯಾಂವ್ ವಿಮಾನ ನಿಲ್ದಾಣದಲ್ಲೇ ನಡೆಯಿತು. ಮರುವರ್ಷ ಅವರ ಮಗ ಎಡ್ವಾರ್ಡೊ ಕೂಡ ಅದೇ ಸರಣಿಗೆ ಬಂದು, ಅಪ್ಪ ಮಗ ಓಟದ ಆರಂಭದ ಒಂದೇ ಸಾಲಿನಲ್ಲಿ (ಗ್ರಿಡ್‌ನಲ್ಲಿ) ನಿಂತರು. 2025ರಿಂದ ಕಾರುಗಳ ಹೊದಿಕೆ ಮತ್ತೆ ಬದಲಾಗಿ, ಷೆವರ್ಲೆ ಟ್ರ್ಯಾಕರ್, ಟೊಯೊಟ ಕೊರೊಲ್ಲಾ ಕ್ರಾಸ್ ಮತ್ತು ಮಿತ್ಸುಬಿಷಿ ಎಕ್ಲಿಪ್ಸ್ ಕ್ರಾಸ್ ಎಂಬ ಎಸ್‌ಯುವಿಗಳ ಆಕಾರ ಬಂದಿದೆ. 1979ರ ಒಪಾಲದಂತೆಯೇ, ಇವೂ ಇಂದಿನ ಬ್ರೆಜಿಲ್‌ನ ಮನೆಗಳ ಮುಂದೆ ನಿಂತಿರುವ ಕಾರುಗಳು.